ಒತ್ತಕ್ಷರಕ್ಕೆ ಬೇರೆ ಕಾಸು

ಶ್ರೀನಿವಾಸಪುರದಲ್ಲಿ ಏಪ್ರಿಲ್ ಅಂದರೆ
ಮಾವಿನ ಮಂಡಿಗಳ ಮುಂದೆ ಹುಲ್ಲು ಬಿಚ್ಚುವ ತಿಂಗಳು,
ತಗಡಿನ ಬೋರ್ಡುಗಳು ಮೊಳೆ ಕಳಚಿ ಇಳಿದು ಬಂದು
ಮಸ್ತಾನ್ ಸಾಬರ ಶೆಡ್ಡಿನ ಗೋಡೆಗೆ
ಒರಗಿ ನಿಲ್ಲುವ ತಿಂಗಳು.

ಮೂರು ವರ್ಷ ಅಲ್ಲಿ ನಾನು ಎಳೆದದ್ದು ಗೆರೆ.
ಹಳೇ ಪೇಪರಿನ ಮೇಲೆ, ಸೀಮೆಎಣ್ಣೆ ಬೆರೆಸಿದ ಕಪ್ಪಿನಲ್ಲಿ
ಉದ್ದ ಗೆರೆ, ಅಡ್ಡ ಗೆರೆ, ಆಮೇಲೆ ಬರೀ ತಲೆಕಟ್ಟು.
ಪುಟದ ತುಂಬ ತಲೆಕಟ್ಟು, ಕೆಳಗೆ ಅಕ್ಷರವೇ ಇಲ್ಲ,
ತಲೆ ಸಿಗದ ರುಮಾಲುಗಳ ಹಾಗೆ.
"ಉಸಿರು ಬಿಡ್ತಾ ಎಳಿ," ಅನ್ನೋರು ಸಾಬರು,
"ಮಧ್ಯೆ ಎತ್ತಬೇಡ. ಎತ್ತಿದರೆ ಬಣ್ಣಕ್ಕೆ ಗೊತ್ತಾಗುತ್ತೆ
ನೀನು ಹೆದರಿದೆ ಅಂತ."
‘ಳ’ದ ಸುರುಳಿ ಕೈಗೆ ಹತ್ತಲು ಒಂದು ಮಳೆಗಾಲ ಹೋಯಿತು.
‘ಋ’ ಇನ್ನೂ ಬಂದಿಲ್ಲ. ಪುಣ್ಯಕ್ಕೆ
ಅದರಿಂದ ಶುರುವಾಗುವ ಮಂಡಿ ಈ ತಾಲ್ಲೂಕಿನಲ್ಲಿಲ್ಲ.

ಸಾಬರ ಕಣ್ಣಿಗೆ ಪೊರೆ ಬಂದ ವರ್ಷ
ಆವುಲಪ್ಪನವರ ಗೋಡೆಗೆ ನಾನೊಬ್ಬಳೇ ಹೋದೆ.
ಎರಡು ದಿನ ಏಣಿಯ ಮೇಲೆ. ಎರಡನೇ ಸಂಜೆ
"ಎಷ್ಟಮ್ಮಾ?" ಅಂದರು.
"ನೀವು ಕೊಟ್ಟಷ್ಟು," ಅಂದುಬಿಟ್ಟೆ.
ಕೊಟ್ಟರು:
ಗಾಳಿಗೆ ಉದುರಿದ ತೋತಾಪುರಿ, ಎರಡು ಕ್ರೇಟು.

ಸಾಬರು ಒಂದು ಕಾಯಿ ಅಂಗೈಯಲ್ಲಿ ತೂಗಿದರು.
"ಚೆನ್ನಾಗಿದೆ. ಪೇಂಟಂಗಡಿಗೆ ತಗೊಂಡೋಗು.
ಇದಕ್ಕೆ ಒಂದು ಲೀಟರ್ ಕೆಂಪು ಕೊಡ್ತಾರಾ ಕೇಳು."
ಹಲ್ಲು ಚುಳ್ಳೆನ್ನುವ ತನಕ, ಒಂದು ವಾರ,
ನಮ್ಮ ಮನೆಯವರೆಲ್ಲ ಕೂತು
ನನ್ನ ಎರಡು ದಿನದ ಕೂಲಿಯನ್ನು
ಉಪ್ಪು ಖಾರ ಹಚ್ಚಿ ತಿಂದೆವು.

ಮಾರನೇ ಸೋಮವಾರ ಪೇಪರು ಬದಿಗೆ ಹೋಯಿತು,
ಉದ್ದ ನೋಟ್‌ಬುಕ್ ಬಂತು.
"ಇದೂ ಗೆರೆಯೇ," ಅಂದರು. "ಬರಿ:
ಪ್ರೈಮರು. ಟರ್ಪೆಂಟೈನು. ಸವೆಯುವ ಬ್ರಷ್ಷು. ಬಸ್ಸು.
ಏಣಿ ಬಾಡಿಗೆ. ಬಿಸಿಲಿಗೂ ಒಂದು ಕಾಲಂ ಹಾಕು.
ಅಕ್ಷರಕ್ಕೆ ಇಷ್ಟು. ಒತ್ತಕ್ಷರಕ್ಕೆ ಬೇರೆ.
ಅರ್ಧ ಮುಂಗಡ ಬರದೆ ಡಬ್ಬಿ ಮುಚ್ಚಳ ತೆಗೀಬೇಡ."
ಆಮೇಲೆ ಬೋರಲು ಡಬ್ಬಿಯ ಮೇಲೆ ಕೂತು
ತಾವೇ ಗಿರಾಕಿಯಾದರು:
"ಜಾಸ್ತಿ ಆಯ್ತಲ್ಲಮ್ಮಾ!" ಗೊಗ್ಗರು ದನಿಯಲ್ಲಿ,
"ಫ್ಲೆಕ್ಸೇ ಅಗ್ಗ," ಮೂಗಿನಲ್ಲಿ,
"ನಮ್ಮ ಹುಡುಗಿ ತಾನೆ ನೀನು," ಬೆಲ್ಲ ಹಚ್ಚಿ.
ನಾನು ಬೆಲೆ ಹೇಳಬೇಕು, ಹೇಳಿ ಸುಮ್ಮನಿರಬೇಕು.
ಸುಮ್ಮನಿರೋದು ‘ಳ’ಗಿಂತ ಕಷ್ಟ.

ಮತ್ತೆ ಏಪ್ರಿಲ್. ಆವುಲಪ್ಪನವರಿಗೆ ಹೊಸ ಬೋರ್ಡು:
ಆವುಲಪ್ಪ ಅಂಡ್ ಸನ್ಸ್, ಮಾವಿನಕಾಯಿ ಮಂಡಿ.
ಗಂಡುಮಕ್ಕಳಿಲ್ಲ. ಹೆಣ್ಣುಮಕ್ಕಳು ಮೂವರು,
ದೊಡ್ಡವಳು ಮುನಿರತ್ನಮ್ಮ ಅಲ್ಲೇ ತೂಕದ ಲೆಕ್ಕದಲ್ಲಿ.
ಚೀಟಿಯ ಮೇಲೆ ಬೆರಳಿಟ್ಟರು ಯಜಮಾನರು:
"‘ಪ್ಪ’ ಒಂದೇ ಅಕ್ಷರ ಅಲ್ವೇನಮ್ಮಾ?
ಕೆಳಗಿರೋದು ಬರೀ ಬಾಲ."
"ಬಾಲಕ್ಕೂ ಬಣ್ಣ ಬೇಕು," ಅಂದೆ.
ಅಂದು
ಸುಮ್ಮನಿದ್ದೆ.
ಲಾರಿಯೊಂದು ಹಿಂದಕ್ಕೆ ಬಂತು. ತಕ್ಕಡಿ ಕಿರುಗುಟ್ಟಿತು.
ಮೈಯೆಲ್ಲ ಒಂದೇ ಉದ್ದ ಗೆರೆಯಾಗಿ,
ಉಸಿರು ಬಿಡುತ್ತ, ಬಿಡುತ್ತ, ಎತ್ತದೆ.

ಮುನಿರತ್ನಮ್ಮ ತಲೆ ಎತ್ತದೆ ಹೇಳಿದಳು:
"ಆ ‘ಅಂಡ್ ಸನ್ಸ್’ ತೆಗೆಸಪ್ಪ. ಹೆಂಗೂ ಇಲ್ಲ.
ನಾಲ್ಕು ಅಕ್ಷರ, ಒಂದು ಒತ್ತು ಉಳೀತದೆ."

ಆವುಲಪ್ಪನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು,
"ಇರಲಿ," ಎಂದು ಡ್ರಾಯರ್ ಎಳೆದರು.
ಅರ್ಧ ಮುಂಗಡ, ಒತ್ತುಗಳೆಲ್ಲ ಸೇರಿ.

ಬೋರ್ಡಿನ ಬಲಮೂಲೆಯಲ್ಲಿ, ಹೆಬ್ಬೆರಳಗಲ,
ಗಂಗಾರತ್ನ ಎಂದು ಬರೆದು
ಫೋನ್ ನಂಬರ್ ಹಾಕಿದೆ.
ಆ ‘ತ್ನ’ಕ್ಕೆ ಕಾಸು ಕೊಡುವವರು ಯಾರು?
ನೋಟ್‌ಬುಕ್ಕಿನಲ್ಲಿ ನನ್ನದೇ ಖಾತೆಗೆ ಬರೆದುಕೊಂಡೆ.

ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು
ಸಂಜೆ ಸಾಬರು ಬಂದರು.
ಮೂಗು ತಗಡಿಗೆ ತಾಗುವಷ್ಟು ಬಗ್ಗಿ ಓದಿದರು.
"ಹೆಸರು ಪರವಾಗಿಲ್ಲ.
ಈ ಏಳು ಮಾತ್ರ ಒಂದರ ಹಾಗಿದೆ.
ಬರೋ ಆರ್ಡರು ಬೇರೆ ಯಾರಿಗೋ ಹೋಗುತ್ತೆ."

ಬಟ್ಟೆಗೆ ಟರ್ಪೆಂಟೈನ್ ಅದ್ದಿ ಒರೆಸಿದೆ.
ಬೆಳಕು ಇನ್ನೂ ಸ್ವಲ್ಪ ಇತ್ತು.